ಗಾಳಿ ನೋಡ್ಕೊಂಡು ನಂಬರ್ ಬರ್ಕೊಳ್ಳಿ: ನೆದರ್‌ಲೆಂಡ್ಸ್‌ನ ಕ್ನೋಪ್‌ಪುಂಟ್ ಸೈಕಲ್ ರೂಟ್‌ಗಳು, ರೋಡ್ ಬೈಕಲ್ಲಿ ಐದು ವರ್ಷ ಓಡಿಸಿದ ಮೇಲೆ

ಉಟ್ರೆಕ್ಟ್‌ಗೆ ಬಂದು ಐದು ವರ್ಷ ದಾಟ್ತು, ಬಂದ ಎರಡನೇ ತಿಂಗಳಲ್ಲೇ ಒಂದು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ (ಮೋಟಾರ್ ಬೈಕಲ್ಲ, ತೆಳು ಟೈರಿನ ವೇಗದ ಸೈಕಲ್) ತಗೊಂಡೆ, ಅವತ್ತಿಂದ ಇಲ್ಲಿವರೆಗೆ ಸುಮಾರು 19 ಸಾವಿರ ಕಿಮೀ ಆಗಿದೆ, ಅದ್ರಲ್ಲಿ ಮುಕ್ಕಾಲು ಪಾಲು ಇಲ್ಲಿನ ನಂಬರ್ ರೂಟ್ ಹಿಡ್ಕೊಂಡೇ ಹೋಗಿದ್ದು. ಮೊದಲ ವರ್ಷವೇ ಬರೀಬೇಕು ಅಂತ ಇತ್ತು, ಬರೀದೇ ಇದ್ದಿದ್ದು ಒಳ್ಳೇದಾಯ್ತು, ಯಾಕಂದ್ರೆ ಆಗ ಬರೆದಿದ್ರೆ ಬರೀ ಹೊಗಳಿಕೆನೇ ಆಗಿರ್ತಿತ್ತು. ಈಗ್ಲೂ ಹೊಗಳ್ತೀನಿ, ಆದ್ರೆ ಯಾವುದಕ್ಕೆ ಹೊಗಳ್ಬೇಕು ಅಂತ ಈಗ ಗೊತ್ತಾಗಿದೆ.

ಇದು ಏನು ಅಂತ ಗೊತ್ತಿಲ್ದೇ ಇರೋರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಸೈಕಲ್ ದಾರಿಗಳು ಒಂದನ್ನೊಂದು ಸೇರೋ ಜಾಗಕ್ಕೆಲ್ಲ ಒಂದೊಂದು ನಂಬರ್ ಕೊಟ್ಟಿದಾರೆ, ಅದಕ್ಕೆ ಕ್ನೋಪ್‌ಪುಂಟ್ ಅಂತಾರೆ, ಅಂದ್ರೆ ಗಂಟು ಬಿದ್ದಿರೋ ಜಾಗ. ಬಿಳಿ ಬೋರ್ಡಲ್ಲಿ ಹಸಿರು ಬಣ್ಣದಲ್ಲಿ ನಂಬರ್ ಮತ್ತೆ ಬಾಣ ಇರುತ್ತೆ, ಗಂಟು ಇರೋ ಜಾಗದಲ್ಲಿ ಸಾಮಾನ್ಯವಾಗಿ ಒಂದು ಮ್ಯಾಪ್ ಬೋರ್ಡ್. ನೀವು ಮಾಡ್ಬೇಕಾಗಿರೋದು ಇಷ್ಟೇ, ಯಾವ ನಂಬರಿಂದ ಯಾವ ನಂಬರಿಗೆ ಹೋಗ್ಬೇಕು ಅಂತ ಸಾಲಾಗಿ ಬರ್ಕೊಂಡು ಹೊರಡೋದು. ದುಡ್ಡಿಲ್ಲ, ಮೆಂಬರ್‌ಶಿಪ್ ಇಲ್ಲ, ಲಾಗಿನ್ ಇಲ್ಲ. ಇದನ್ನ ಯೋಚನೆ ಮಾಡಿದ್ದು ಹ್ಯೂಗೋ ಬೊಲ್ಲೆನ್ ಅಂತ ಬೆಲ್ಜಿಯಂನ ಲಿಂಬರ್ಗ್ ಕಡೆಯ ಒಬ್ಬ ಗಣಿ ಎಂಜಿನಿಯರ್. ಕಲ್ಲಿದ್ದಲು ಗಣಿಯ ಸುರಂಗಗಳಲ್ಲಿ ಎಲ್ಲೂ ಗುರುತು ಸಿಗಲ್ಲ, ಅಲ್ಲಿ ದಾರಿ ಕೂಡೋ ಜಾಗಕ್ಕೆ ನಂಬರ್ ಹಾಕ್ತಿದ್ರು, ಅದನ್ನೇ ತಂದು ನೆಲದ ಮೇಲೆ ಹಾಸಿಬಿಟ್ರು, 1995ರಲ್ಲಿ ಅಲ್ಲಿ ಶುರುವಾಗಿ ಆಮೇಲೆ ಪಕ್ಕದ ನೆದರ್‌ಲೆಂಡ್ಸ್‌ಗೂ ಹರಡ್ತು. ಎಲ್ಲಾ ಕಡೆ ಒಂದೇ ಥರ ಕಾಣೋ ಈ ಹಸಿರು ಬಯಲು, ನಾಲೆ, ಹಸು, ಮತ್ತೆ ನಾಲೆ, ಇದ್ರ ಮಧ್ಯೆ ಓಡಿಸಿದೋರಿಗೆ ಗಣಿ ಎಂಜಿನಿಯರ್‌ಗೇ ಇದು ಯಾಕೆ ಹೊಳೀತು ಅಂತ ಚೆನ್ನಾಗಿ ಅರ್ಥ ಆಗುತ್ತೆ.

ಫೋನಲ್ಲಿ ಪ್ಲಾನರ್‌ಗಳು ಬೇಕಾದಷ್ಟಿವೆ, ನಾನೂ ಮನೇಲಿ ಪ್ಲಾನ್ ಮಾಡೋದು ಅದ್ರಲ್ಲೇ. ಆದ್ರೆ ದಾರಿಗೆ ಹೊರಟಾಗ ಅಂಗೈಯ ಅರ್ಧ ಅಗಲದ ಪೇಪರ್ ಟೇಪ್ ಮೇಲೆ ನಂಬರ್ ಬರೆದು ಹ್ಯಾಂಡಲ್ ಹಿಂದೆ ಕಂಬಿಗೆ ಅಂಟಿಸ್ಕೊಳ್ತೀನಿ, 2019ರಿಂದ ಇಲ್ಲಿ ಸೈಕಲ್ ಓಡಿಸ್ತಾ ಫೋನ್ ಕೈಲಿ ಹಿಡಿಯೋದು ಕಾನೂನು ಪ್ರಕಾರ ತಪ್ಪು, ಅದೂ ಅಲ್ದೆ ಮಳೇಲಿ ಒದ್ದೆ ಗ್ಲೌಸ್ ಹಾಕ್ಕೊಂಡು ಸ್ಕ್ರೀನ್ ಒತ್ತೋ ಕಷ್ಟ ನಿಮಗೂ ಗೊತ್ತಿರುತ್ತೆ. ಒಂದು ಮಾತು, ಜೆಲ್ ಪೆನ್ನಲ್ಲಿ ಬರೀಬೇಡಿ. ಮೊದಲ ಮಳೆಗಾಲದಲ್ಲಿ 13 ಅಂತ ಬರೆದಿದ್ದು ಶಾಯಿ ಹರಡಿ 18 ಥರ ಕಾಣಿಸಿ, 18ರ ಬೋರ್ಡೂ ಎದುರಿಗೇ ಸಿಕ್ಕಿ, ಹನ್ನೊಂದು ಕಿಮೀ ಬೇರೆ ಕಡೆ ಹೋಗಿಬಿಟ್ಟಿದ್ದೆ. ಈಗ ಪೆನ್ಸಿಲ್, ಅದ್ರ ಮೇಲೊಂದು ಪಾರದರ್ಶಕ ಟೇಪ್.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಎಲ್ರೂ ಕೇಳೋದು ಒಂದೇ, ನೆಲ ಪೂರ್ತಿ ಮಟ್ಟ ಅಲ್ವಾ, ಹಾಗಾದ್ರೆ ಸುಲಭ ತಾನೇ ಅಂತ. ಏರು ಇಲ್ಲ ಅನ್ನೋದು ನಿಜ, ಗೌಡಾ ಅನ್ನೋ ಊರಿನ ಹತ್ರ ಒಂದು ಜಾಗ ಸಮುದ್ರ ಮಟ್ಟಕ್ಕಿಂತ ಸುಮಾರು 6.7 ಮೀಟರ್ ಕೆಳಗಿದೆ, ಅಲ್ಲಿಂದ ಹೊರಟ್ರೆ ಆ ದಿನದ ಅತಿ ಎತ್ತರದ ಜಾಗ ಅಂದ್ರೆ ನದಿಯ ಏರಿ ಮೇಲೆ ಹತ್ತೋದೇ. ಆದ್ರೆ ಏರು ಇಲ್ಲ ಅಂದ್ರೆ ಇಳಿಜಾರೂ ಇಲ್ಲ, ಇದು ಬರೋಕೆ ಮುಂಚೆ ಯಾರಿಗೂ ಹೊಳಿಯಲ್ಲ. ಇಳಿಜಾರಲ್ಲಿ ಕಾಲು ಬಿಟ್ಟು ಸುಮ್ಮನೆ ಕೂತು ಉಸಿರು ತಗೊಳ್ಳೋ ಹಾಗಿಲ್ಲ, ಮೂರು ಗಂಟೆ ಅಂದ್ರೆ ಮೂರು ಗಂಟೆನೂ ಗಾಣದ ಎತ್ತಿನ ಹಾಗೆ ತುಳೀತಾನೇ ಇರ್ಬೇಕು, ಎದ್ದು ನಿಂತು ತುಳಿಯೋ ಸಂದರ್ಭನೂ ಬರಲ್ಲ, ಹಾಗಾಗಿ ಸೀಟ್ ಸರಿ ಇಲ್ಲ ಅಂದ್ರೆ ಎಪ್ಪತ್ತನೇ ಕಿಮೀಗೆ ಸೊಂಟದ ಕೆಳಗೆ ಏನೂ ನಂದಲ್ಲ ಅನ್ನೋ ಹಾಗಾಗುತ್ತೆ, ಕಿರುಬೆರಳು ಮರಗಟ್ಟುತ್ತೆ. ನಾನು ಎರಡು ಸೀಟ್ ಬದಲಾಯಿಸಿದೆ, ಹ್ಯಾಂಡಲ್‌ಗೆ ದಪ್ಪ ಟೇಪ್ ಸುತ್ತಿಸಿದೆ, ಮತ್ತೆ ಪ್ರತಿ ಇಪ್ಪತ್ತು ನಿಮಿಷಕ್ಕೊಂದ್ಸಲ ಬೇಕು ಅಂತಲೇ ಹತ್ತು ಸುತ್ತು ಎದ್ದು ನಿಂತು ತುಳೀತೀನಿ.

ಇನ್ನು ಗಾಳಿ. ಬೆಟ್ಟ ಆದ್ರೆ ತುದಿ ಕಾಣುತ್ತೆ, ಇನ್ನೆಷ್ಟು ಇದೆ ಅಂತ ಗೊತ್ತಾಗುತ್ತೆ, ಗಾಳಿಗೆ ತುದಿ ಇಲ್ಲ. ನೀವು ಗಂಟೆಗೆ 25 ಕಿಮೀ ಹೋಗ್ತಾ ಇದೀರ, ಎದುರಿಂದ 25ರ ಗಾಳಿ ಅಂದ್ರೆ ಎದೆಗೆ ಬಡಿಯೋದು 50ರ ಗಾಳಿ, ಗಾಳಿ ಎರಡರಷ್ಟಾದ್ರೆ ಅದು ಒತ್ತೋ ಬಲ ನಾಲ್ಕರಷ್ಟಾಗುತ್ತೆ, ಹಾಗಾಗಿ 25ರಲ್ಲಿ ಹೋಗೋ ಮಾತೇ ಇಲ್ಲ, 17ಕ್ಕೆ ಇಳೀತೀರ, ಆ 17ಕ್ಕೂ ಬೆವರು ಸುರಿಸ್ಬೇಕು. ಇಲ್ಲಿನವರು ಇದನ್ನ ಎಷ್ಟು ಗಂಭೀರವಾಗಿ ತಗೊಂಡಿದಾರೆ ಅಂದ್ರೆ ಓಸ್ಟರ್‌ಸ್ಖೆಲ್ಡೆ ಅನ್ನೋ ಸಮುದ್ರದ ತಡೆಗೋಡೆ ಮೇಲೆ ಎದುರುಗಾಳಿ ಸೈಕಲ್ ಚಾಂಪಿಯನ್‌ಶಿಪ್ಪೇ ನಡೆಸ್ತಾರೆ, ಎಂಟೂವರೆ ಕಿಮೀ, ಗೇರ್ ಇಲ್ಲದ ಮಾಮೂಲಿ ಸೈಕಲ್ಲು, ಬಿರುಗಾಳಿ ಬರುತ್ತೆ ಅಂತ ಗ್ಯಾರಂಟಿ ಆದ್ಮೇಲೇನೇ ತಾರೀಕು ಹೇಳೋದು.

ನನ್ನ ಮೊದಲ ದೊಡ್ಡ ತಪ್ಪು ಅಂದ್ರೆ ಬೇಮ್‌ಸ್ಟರ್. 1612ರಲ್ಲಿ ಒಂದು ಇಡೀ ಕೆರೆನೇ ಗಾಳಿಯಂತ್ರಗಳಿಂದ ನೀರೆತ್ತಿ ಬತ್ತಿಸಿ ಮಾಡಿದ ನೆಲ ಅದು, ಯುನೆಸ್ಕೋ ಪಟ್ಟೀಲಿದೆ, ರಸ್ತೆ ನಾಲೆ ಎಲ್ಲಾ ಗೆರೆ ಎಳೆದ ಹಾಗೆ ಚೌಕ ಚೌಕ. ಮ್ಯಾಪಲ್ಲಿ ನೋಡೋಕೆ ತುಂಬಾ ಚೆಂದ. ನಾನು ಹೋಗುವಾಗ ಬೆನ್ನಿಗೆ ಗಾಳಿ, 36ರಲ್ಲಿ ಹಾರ್ಕೊಂಡು ಹೋದೆ, ಏನೋ ಫಾರ್ಮಲ್ಲಿದೀನಿ ಅಂದ್ಕೊಂಡೆ, ವಾಪಸ್ ತಿರುಗಿದಾಗ ಗೊತ್ತಾಯ್ತು. ನೇರ ರಸ್ತೆ, ಒಂದು ತಿರುವಿಲ್ಲ, ದೂರದ ಚರ್ಚ್ ಗೋಪುರ ಅರ್ಧ ಗಂಟೆ ಆದ್ರೂ ಅಷ್ಟೇ ದೊಡ್ಡದು. ಅವತ್ತಿಂದ ನನ್ನ ರೂಲ್ ಇದು: ಮೊದ್ಲು ಗಾಳಿ, ಆಮೇಲೆ ನಂಬರ್. ಇಲ್ಲಿ ಹೆಚ್ಚಿನ ದಿನ ಗಾಳಿ ನೈರುತ್ಯದಿಂದ ಬೀಸುತ್ತೆ, ಹಾಗಾಗಿ ಕಾಲಲ್ಲಿ ಶಕ್ತಿ ಇರುವಾಗಲೇ ನೈರುತ್ಯಕ್ಕೆ ಹೊರಟು, ಸುಸ್ತಾದ ಮೇಲೆ ಬೆನ್ನಿಗೆ ಗಾಳಿ ಬರೋ ಹಾಗೆ ನಂಬರ್ ಜೋಡಿಸ್ಬೇಕು. ಪ್ಲಾನರ್‌ಗಳು ದೂರ ಹೇಳುತ್ತವೆ, ಅದೇ 90 ಕಿಮೀ ಎರಡು ದಿಕ್ಕಲ್ಲಿ ಎರಡು ಬೇರೆ ಬೇರೆ ದಿನದ ಥರ ಇರುತ್ತೆ ಅನ್ನೋದನ್ನ ನೀವೇ ಲೆಕ್ಕ ಹಾಕ್ಬೇಕು. ಪಕ್ಕದಿಂದ ಗಾಳಿ ಇದ್ರೆ ಗುಂಪಲ್ಲಿ ಹೋಗೋರು ಓರೆಯಾಗಿ ಒಬ್ರ ಮರೆಗೆ ಒಬ್ರು ಬರ್ತಾರೆ, ಅದಕ್ಕೆ ಡಚ್ಚಲ್ಲಿ ಬೀಸಣಿಗೆ ಅಂತಲೇ ಹೆಸರು, ಆದ್ರೆ ಎರಡು ಮೀಟರ್ ಅಗಲದ ಸೈಕಲ್ ದಾರೀಲಿ ಅದು ಆಗಲ್ಲ, ಮಾಡೋಕೆ ಹೋಗ್ಬೇಡಿ, ಎದುರಿಂದ ಮಕ್ಕಳು ಬರ್ತಾ ಇರ್ತಾರೆ.

ದಾರಿ ಬಗ್ಗೆ. ಈ ನಂಬರ್ ರೂಟ್‌ಗಳು ಆರಾಮಾಗಿ ಕೂತು ಹೋಗೋ ಸೈಕಲ್ ಮನಸಲ್ಲಿಟ್ಟು ಮಾಡಿದ್ದು, ರೋಡ್ ಬೈಕ್‌ಗಲ್ಲ, ಇದು ನಿಜವಾದ ಮೈನಸ್. ಹತ್ತು ಕಿಮೀ ಬೆಣ್ಣೆಯಂಥ ಟಾರ್ ಇರುತ್ತೆ, ಇದ್ದಕ್ಕಿದ್ದ ಹಾಗೆ ಇಟ್ಟಿಗೆ ಹಾಸಿದ ಊರ ಬೀದಿ, ಆಮೇಲೆ ಚಿಪ್ಪಿನ ಪುಡಿ ಹಾಕಿದ ಕಾಲುದಾರಿ, ದನ ದಾಟದ ಹಾಗೆ ಹಾಕಿರೋ ಕಬ್ಬಿಣದ ಕಂಬಿಗಳು. 25 ಮಿಮೀ ಅಗಲದ ಟೈರಲ್ಲಿ ಶುರು ಮಾಡಿದೆ, 28ಕ್ಕೆ ಬಂದೆ, ಈಗ 32 ಹಾಕಿದೀನಿ, ವೇಗದಲ್ಲಿ ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ, ಕೈ ನೋವು ಮಾತ್ರ ಅರ್ಧಕ್ಕರ್ಧ ಕಮ್ಮಿ ಆಯ್ತು. ನಿಮ್ಮ ಫ್ರೇಮಲ್ಲಿ ಜಾಗ ಇದ್ರೆ ಮೊದಲ ದಿನವೇ ದಪ್ಪ ಟೈರ್ ಹಾಕ್ಸಿ. ಶರತ್ಕಾಲದಲ್ಲಿ ಸಕ್ಕರೆ ಬೀಟ್, ಮೆಕ್ಕೆಜೋಳ ಕೊಯ್ಲಿನ ಟ್ರ್ಯಾಕ್ಟರ್‌ಗಳಿಂದ ರಸ್ತೆ ತುಂಬಾ ಜೇಡಿ ಮಣ್ಣು, ಚಳಿಗಾಲದಲ್ಲಿ ಸೈಕಲ್ ದಾರಿಗೂ ಉಪ್ಪು ಹಾಕ್ತಾರೆ, ದಾರಿ ಕ್ಲೀನಾಗಿರುತ್ತೆ, ಚೈನ್ ಮಾತ್ರ ತೊಳೀದೇ ಎರಡು ದಿನ ಬಿಟ್ರೆ ಕೆಂಪಾಗುತ್ತೆ. ಐದು ವರ್ಷದಲ್ಲಿ ಆರನೇ ಚೈನ್ ಓಡ್ತಾ ಇದೆ.

ಬಿದ್ದಿದ್ದು ಒಂದೇ ಸಲ. ನಾಲೆ ದಾಟೋಕೆ ಗೂನು ಬೆನ್ನಿನ ಥರದ ಮರದ ಸೇತುವೆಗಳಿರುತ್ತವೆ, ನವೆಂಬರ್ ಬೆಳಿಗ್ಗೆ, ಹಲಗೆ ಮೇಲೆ ತೆಳ್ಳಗೆ ಪಾಚಿ, ಕಣ್ಣಿಗೆ ಕಾಣ್ಲೂ ಇಲ್ಲ, ಸೇತುವೆ ತುದೀಲಿ ಎಡಕ್ಕೆ ತಿರುವಿತ್ತು, ಸ್ವಲ್ಪ ವಾಲಿಸಿದೆ ಅಷ್ಟೇ, ಮುಂದಿನ ಚಕ್ರ ಹಾಗೇ ಜಾರಿ ಹೋಯ್ತು. ಮೊಣಕೈ ತರಚಿ ಗೇರಿನ ಲಿವರ್ ಒಳಕ್ಕೆ ಬಾಗಿತ್ತು. ನಾಯಿ ಜೊತೆ ವಾಕ್ ಬಂದಿದ್ದ ಅಜ್ಜ ಒಬ್ರು ನನ್ನ ಸೈಕಲ್ ಎತ್ತಿ ಕಟ್ಟೆಗೆ ಒರಗಿಸಿ, ಹಲಗೆ ಮೇಲೆ ತಮ್ಮ ಬೂಟಿನ ಹಿಮ್ಮಡಿಯಿಂದ ಕೆರೆದು ಆ ಹಸಿರು ಲೋಳೆ ತೋರಿಸಿದ್ರು, ಒಂದು ಮಾತೂ ಆಡ್ಲಿಲ್ಲ. ಈಗ ಒದ್ದೆ ಮರ ಕಂಡ್ರೆ ಸೈಕಲ್ ನೆಟ್ಟಗೆ ಇಟ್ಕೊಂಡು, ಬ್ರೇಕ್ ಮುಟ್ಟದೆ, ನೇರ ದಾಟ್ತೀನಿ.

ಇಷ್ಟೆಲ್ಲಾ ಇದ್ರೂ ಬಿಡದೆ ಓಡಿಸ್ತಿರೋದು ಯಾಕೆ ಅಂದ್ರೆ ಈ ನಂಬರ್‌ಗಳು ನಿಮ್ಮನ್ನ ಕರ್ಕೊಂಡು ಹೋಗೋ ಜಾಗಗಳಿಗೋಸ್ಕರ. ಉಟ್ರೆಕ್ಟ್‌ನಿಂದ ಹೊರಬಿದ್ದು ಅರ್ಧ ಗಂಟೇಲಿ ವೆಖ್ಟನ್ ಕೋಟೆ, 1860ರ ದಶಕದ ಕೊನೇಲಿ ಕಟ್ಟಿದ್ದು, ಪಕ್ಕದಲ್ಲೇ ರೋಮನ್ನರ ದಂಡು ಇದ್ದ ಫೆಕ್ಟಿಯೋ. ಈ ಕೋಟೆಗಳ ಸಾಲಿಗೆ ಜಲರೇಖೆ ಅನ್ನಬಹುದು, ಸುಮಾರು 85 ಕಿಮೀ ಉದ್ದ, ಶತ್ರು ಬಂದ್ರೆ ತೂಬು ಎತ್ತಿ ಹೊಲಗಳಿಗೆ ಸುಮಾರು 40 ಸೆಂಟಿಮೀಟರ್ ನೀರು ಬಿಡೋದು, ಅಷ್ಟೇ, ಜಾಸ್ತಿ ಬೇಡ. ನಡೆದು ಬರೋ ಸೈನಿಕನಿಗೆ ಅದು ಆಳ, ದೋಣಿಗೆ ಸಾಲಲ್ಲ, ನೀರೊಳಗೆ ನಾಲೆ ಎಲ್ಲಿ ಹೊಲ ಎಲ್ಲಿ ಅಂತ ಗೊತ್ತಾಗಲ್ಲ. ಇದಕ್ಕಿಂತ ಹಳೇ ಜಲರೇಖೆ 1672ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯನ ತಡೆದು ನಿಲ್ಲಿಸಿತ್ತು. ಇದನ್ನ ತಿಳ್ಕೊಂಡ ಮೇಲೆ ಪಕ್ಕದಲ್ಲಿ ಸುಮ್ಮನೆ ನಿಂತಿರೋ ನಾಲೆ ನೀರು ಬೇರೆ ಥರಾನೇ ಕಾಣೋಕೆ ಶುರುವಾಯ್ತು. ಕೋಟೆಗಳ ಸುತ್ತ ಅಲ್ಲಲ್ಲಿ ಪೂರ್ತಿ ಮರದ ಮನೆಗಳಿವೆ, ನಾನು ಅದು ಯಾರದ್ದೋ ಶೋಕಿ ಅಂದ್ಕೊಂಡಿದ್ದೆ. 1853ರ ಒಂದು ಕಾನೂನಿನ ಪ್ರಕಾರ ಕೋಟೆ ಹತ್ರ ಇಟ್ಟಿಗೆ ಮನೆ ಕಟ್ಟೋ ಹಾಗಿರ್ಲಿಲ್ವಂತೆ, ಯುದ್ಧ ಬಂದ್ರೆ ಗುಂಡು ಹಾರಿಸೋಕೆ ಅಡ್ಡ ಆಗಬಾರದು, ಬೇಗ ಸುಟ್ಟುಹಾಕೋಕೆ ಆಗ್ಬೇಕು. ಆ ಮನೆಗಳ ಕಿಟಕೀಲಿ ಈಗ ಹೂಕುಂಡ ಇದೆ, ಪ್ರತಿ ಸಲ ಅಲ್ಲಿ ನಿಧಾನ ಆಗ್ತೀನಿ.

ನೈರುತ್ಯಕ್ಕೆ ಹೋದ್ರೆ ಔಡೆವಾಟರ್, ಮಾಟಗಾತಿ ಅಂದ್ರೆ ತೀರಾ ಹಗುರ ಅನ್ನೋ ನಂಬಿಕೆ ಇದ್ದ ಕಾಲದಲ್ಲಿ ಹಾಗೆ ಆರೋಪ ಬಂದೋರನ್ನ ತೂಕ ಹಾಕಿ ತೂಕ ಸರಿಯಾಗಿದೆ ಅಂತ ಪತ್ರ ಕೊಡ್ತಿದ್ದ ತೂಕದ ಮನೆ ಅಲ್ಲಿದೆ, ಮುಂದೆ ಲೆಕ್ ನದಿಯ ಏರಿ. ನಂಗೆ ಇಷ್ಟವಾದ ದಾರಿ ಅಂದ್ರೆ ಈ ಏರಿ. ಒಂದು ಕಡೆ ನದಿ, ಇನ್ನೊಂದು ಕಡೆ ಕೆಳಗೆ ಮನೆಗಳು, ಅವರ ಮಹಡಿ ಕಿಟಕಿ ನಿಮ್ಮ ಚಕ್ರದ ಮಟ್ಟಕ್ಕಿರುತ್ತೆ, ಒಳಗೆ ಯಾರೋ ಹಾಸಿಗೆ ಮಡಚ್ತಾ ಇರ್ತಾರೆ. ಹೀಗೇ ಹೋದ್ರೆ ಕಿಂಡರ್‌ಡೈಕ್, ಹೆಚ್ಚಾಗಿ 1740ರ ಆಸುಪಾಸಿನ ಗಾಳಿಯಂತ್ರಗಳು, ಒಟ್ಟು 19. ಬೆಳಿಗ್ಗೆ ಎಂಟರ ಒಳಗೆ ತಲುಪಿ, ಹತ್ತು ಗಂಟೆ ಆದ್ಮೇಲೆ ನಡೆಯೋರ ಜಾತ್ರೆ, ಅಲ್ಲಿ ರೋಡ್ ಬೈಕ್ ತಳ್ಕೊಂಡು ಹೋಗೋದೇ ಮರ್ಯಾದೆ.

ಸೇತುವೆ ಎತ್ತೋದಕ್ಕೂ ಟೈಮ್ ಇಟ್ಕೊಳ್ಳಿ, ಬೇಸಿಗೇಲಿ ಒಂದು ರೈಡಲ್ಲಿ ಮೂರ್ನಾಲ್ಕು ಸಲ ದೋಣಿಗೋಸ್ಕರ ನಿಲ್ಲಬೇಕಾಗುತ್ತೆ. ಒಂದು ಸಣ್ಣ ಊರಲ್ಲಿ ಸೇತುವೆ ನೋಡ್ಕೊಳ್ಳೋರು ಕೋಲಿನ ತುದೀಲಿ ದಾರ ಕಟ್ಟಿ ಮರದ ಬೂಟು ಇಳಿಬಿಟ್ಟು ದೋಣಿಯವರ ಹತ್ರ ಕಾಸು ಹಾಕಿಸ್ಕೊಳ್ತಿದ್ರು, ಅದನ್ನ ನೋಡ್ತಾ ನಿಂತಿದ್ದಕ್ಕೆ ಸೇತುವೆ ಇಳಿದಿದ್ದೇ ಗೊತ್ತಾಗ್ಲಿಲ್ಲ.

ಬೇಸರ ಆಗೋ ವಿಷ್ಯಗಳು: ಬೋರ್ಡ್ ಕಾಣೆಯಾಗಿರೋದು ಅಥವಾ ಯಾರೋ ತಿರುಗಿಸಿಟ್ಟಿರೋದು, ವರ್ಷಕ್ಕೆ ಐದಾರು ಸಲ ಸಿಗುತ್ತೆ. ಎರಡು ಸಲ ತಿಳಿಸಿದೆ, ಒಂದು ಕಡೆ ವಾರದಲ್ಲಿ ಸರಿ ಮಾಡಿದ್ರು, ಇನ್ನೊಂದು ಕಡೆ ಎರಡು ತಿಂಗಳು ಹಾಗೇ ಇತ್ತು. ನೋಡ್ಕೊಳ್ಳೋರಲ್ಲಿ ತುಂಬಾ ಜನ ಸ್ವಯಂಸೇವಕರು, ಹಾಗಾಗಿ ನಾನು ಗೊಣಗೋಕೆ ಹೋಗಲ್ಲ, ಫೋಟೋ ತೆಗೆದು ಕಳಿಸ್ತೀನಿ. ಇನ್ನೊಂದು, ನಂಬರ್ ಎರಡಂಕಿ ಅಷ್ಟೇ, ಅದೇ ನಂಬರ್ ಬೇರೆ ಬೇರೆ ಪ್ರದೇಶದಲ್ಲಿ ಮತ್ತೆ ಬರುತ್ತೆ, ಹಾಗಾಗಿ ಬರ್ಕೊಳ್ಳುವಾಗ ಊರಿನ ಮೊದಲ ಅಕ್ಷರನೂ ಬರೆದ್ರೆ ಒಳ್ಳೇದು.

ರೂಲ್ಸ್ ಹೆಚ್ಚು ಹೇಳಲ್ಲ. ದುಂಡಗಿನ ನೀಲಿ ಬೋರ್ಡ್ ಇದ್ರೆ ರೋಡ್ ಬೈಕೂ ಸೈಕಲ್ ದಾರೀಲೇ ಹೋಗ್ಬೇಕು, ರಸ್ತೆಗೆ ಇಳಿಯೋ ಹಾಗಿಲ್ಲ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಮೊನೆ ನಿಮ್ಮ ಕಡೆಗಿದ್ರೆ ದಾರಿ ಬಿಡಬೇಕಾದ್ದು ನೀವು. ರೈಲಲ್ಲಿ ಸೈಕಲ್ ಒಯ್ಯೋಕೆ ಪ್ರತ್ಯೇಕ ಟಿಕೆಟ್, ವಾರದ ದಿನ ಬೆಳಿಗ್ಗೆ ಸಂಜೆ ರಶ್ ಟೈಮಲ್ಲಿ ಬಿಡಲ್ಲ, ಶನಿವಾರ ಭಾನುವಾರ ತೊಂದರೆ ಇಲ್ಲ. ಇದು ಗಾಳಿಗೂ ಮದ್ದು, ಗಾಳಿ ಬರೋ ಕಡೆಗೆ ರೈಲಲ್ಲಿ ಹೋಗಿ, ಅಲ್ಲಿಂದ ಬೆನ್ನಿಗೆ ಗಾಳಿ ಹಾಕ್ಕೊಂಡು ಮನೆಗೆ ತುಳ್ಕೊಂಡು ಬರೋದು, ಕಾಲಿಗೆ ಪೆಟ್ಟಾಗಿದ್ದ ವರ್ಷ ಪೂರ್ತಿ ಹಾಗೇ ಮಾಡಿದೀನಿ.

ಸ್ಪೀಡ್, ಟ್ರೈನಿಂಗ್ ಅಂತ ಬರೋರಿಗೆ ಐದಕ್ಕೆ ಮೂರು ಕೊಡ್ತೀನಿ, ಅವರು ಏರಿ ಮೇಲಿನ ರಸ್ತೆಗಳನ್ನ ಬೇರೆಯಾಗಿ ಹುಡುಕ್ಕೊಳ್ಳೋದೇ ವಾಸಿ. ನನ್ನ ಥರ ನೂರು ಕಿಮೀಲಿ ನಾಲ್ಕು ಸಲ ಸೈಕಲ್ ಒರಗಿಸಿ ಬೋರ್ಡ್ ಓದೋರಿಗೆ ಐದಕ್ಕೆ ಐದು. ಈ ಶನಿವಾರ ಅಪರೂಪಕ್ಕೆ ಈಶಾನ್ಯದ ಗಾಳಿ ತೋರಿಸ್ತಾ ಇದೆ, ಅಂದ್ರೆ ಔಡೆವಾಟರ್ ಬೇಡ, ಉತ್ತರಕ್ಕೆ ವೆಖ್ಟ್ ನದಿ ಪಕ್ಕ ಹಿಡಿದು ನಕ್ಷತ್ರದ ಆಕಾರದ ನಾರ್ಡನ್ ಕೋಟೆವರೆಗೆ ಹೋಗಿ ತಿರುಗೋದು, ಟೇಪ್ ಮೇಲೆ ಹನ್ನೆರಡು ನಂಬರ್ ಬರೆದಾಯ್ತು, ಪೆನ್ಸಿಲಲ್ಲೇ.