ಕಾಕಾನ ಕ್ಯಾಸೆಟ್ಟು, ನನ್ನ ಹಳೆ ಲ್ಯಾಪ್‌ಟಾಪು, ನಡುವೆ ವಿಎಲ್‌ಸಿ

2014ರಲ್ಲಿ ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗ ನಾನು ಕೇಳದಿದ್ದರೂ ಹಾಡು, ವಿಡಿಯೋ ಓಡಿಸುವ ವಿಎಲ್‌ಸಿ ಪ್ಲೇಯರ್ ಹಾಕಿಕೊಟ್ಟಿದ್ದ. ಇವತ್ತಿಗೂ ಅದೇ ಲ್ಯಾಪ್‌ಟಾಪು, ವಿಎಲ್‌ಸಿಯ ಗುರುತಾದ ಅದೇ ಕಿತ್ತಳೆ ಕೋನು. ಪುಕ್ಕಟೆ ಸಿಗುವ ಪ್ಲೇಯರಿಗೆ ಎಂಥ ವಿಮರ್ಶೆ ಅಂತೀರೇನೋ. ಆದರೆ ನಮ್ಮನೆಯಲ್ಲಿ ಇದರಲ್ಲಿ ಸಿನಿಮಾ ನೋಡಿದ್ದು ಕಡಿಮೆ, ತಲೆ ಕೆರೆದುಕೊಂಡು ಕೂತದ್ದೇ ಹೆಚ್ಚು.

ನಾವು ಗದಗಿನವರು. ನಮ್ಮ ಕಾಕಾಗೆ ಕಣ್ಣು ಕಾಣುವುದಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಕಲಿತವರು. ಅವರ ಟ್ರಂಕಿನ ತುಂಬ ಕ್ಯಾಸೆಟ್ಟುಗಳು: ಜಾತ್ರೆಯ ಸಂಗೀತ, ರಾತ್ರಿಯಿಡೀ ನಡೆದ ಬೈಠಕ್ಕು, ಅವರದೇ ರಿಯಾಜು. ಹಳೆ ಟೇಪ್‌ರೆಕಾರ್ಡರಿನಿಂದ ವೈರು ಎಳೆದು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸತೊಡಗಿದೆ. ಮೊದಲನೇ ಫೈಲು ಹಚ್ಚಿ ಹೆಡ್‌ಫೋನ್ ಕೊಟ್ಟರೆ, "ತಮ್ಮಾ, ತಬಲಾ ಪೇಟಿ ಎಲ್ಲಾ ಎಡಗಿವ್ಯಾಗ ಕೂತಾವಲ್ಲೋ. ಬಲಗಿವಿಗೆ ಯಾರೂ ಬಂದಿಲ್ಲೇನು?" ಅಂದರು. ವೈರಿನಲ್ಲಿ ಒಂದೇ ಚಾನೆಲ್ ಹಾದಿದೆ, ಅಷ್ಟೇ. ಇಳಿಸಿದ ಫೈಲುಗಳನ್ನು ಮತ್ತೆ ಮೊದಲಿಂದ ಇಳಿಸಬೇಕಲ್ಲಪ್ಪಾ ಅಂತ ಹೆದರಿದ್ದೆ. ಆಡಿಯೋ ಮೆನುವಿನ ಸ್ಟೀರಿಯೋ ಮೋಡ್‌ನಲ್ಲಿ 'ಲೆಫ್ಟ್' ಆರಿಸಿದೆ, ಎಡಗಡೆಯ ಸದ್ದೇ ಎರಡೂ ಕಿವಿಗೆ ಬಂತು.

ಎರಡನೇ ತಕರಾರು ಇನ್ನೂ ಸೂಕ್ಷ್ಮದ್ದು. ತಮ್ಮದೇ ಹಾಡು ಕೇಳಿ ಕಾಕಾ ಮುಖ ಗಂಟಿಕ್ಕಿದರು. "ನಾ ಹಾಡಿದ್ದು ಸಫೇದ್ ಒಂದರಾಗ. ಇದು ಕಾಳಿ ಒಂದಕ್ಕ ಏರೇತಿ." ಸಫೇದ್ ಒಂದು ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆ, ಕಾಳಿ ಒಂದು ಅಂದರೆ ಅದರ ಪಕ್ಕದ ಕರಿ ಮನೆ. ಹಾರ್ಮೋನಿಯಂ ಎಳೆದುಕೊಂಡು ಸಾ ಒತ್ತಿ ತೋರಿಸಿದರು. ನಿಜ, ಅರ್ಧ ಸ್ವರ ಮೇಲೆ. ಟೇಪ್‌ರೆಕಾರ್ಡರಿನ ಮೋಟಾರು ಜೋರಾಗಿ ತಿರುಗಿ ಎಲ್ಲವನ್ನೂ ಸುಮಾರು 6% ಬೇಗ ಓಡಿಸಿತ್ತು. ಕೆಳಗಿನ ಪಟ್ಟಿಯಲ್ಲಿರುವ ವೇಗದ ಸ್ಲೈಡರನ್ನು 0.94ಕ್ಕೆ ಇಳಿಸಿದೆ. ಹಾಡು ನಿಧಾನವಾಯಿತು, ಸ್ವರ ಮಾತ್ರ ಇದ್ದಲ್ಲೇ ಇತ್ತು! ವೇಗ ಬದಲಿಸಿದರೂ ಶ್ರುತಿ ಕದಲದಂತೆ ವಿಎಲ್‌ಸಿ ತಾನಾಗಿಯೇ ನೋಡಿಕೊಳ್ಳುತ್ತದೆ. ಕಾಯದಾ ಎಂಬ ತಬಲಾ ಪಾಠ ನಿಧಾನ ಮಾಡಿ ಕಲಿಯುವ ತಬಲಾ ಹುಡುಗರಿಗೆ ಅದು ವರ, ನನಗೆ ಶಾಪ. ಪ್ರಿಫರೆನ್ಸಸ್‌ನ ಆಡಿಯೋ ಭಾಗದಲ್ಲಿ 'ಟೈಮ್-ಸ್ಟ್ರೆಚಿಂಗ್' ಮುಂದಿನ ಟಿಕ್ ತೆಗೆದು, ಫೈಲು ಮುಚ್ಚಿ ತೆರೆದ ಮೇಲೆ ಸ್ವರವೂ ಇಳಿಯಿತು. ಕಾಕಾ ಏನೂ ಅನ್ನಲಿಲ್ಲ, ಪೇಟಿಯ ಮೇಲೆ ಸಾ ಹಿಡಿದು ಸುಮ್ಮನೆ ಕೇಳುತ್ತ ಕೂತರು. ಈ ಒಂದು ಟಿಕ್ಕಿಗಾಗಿಯೇ ನಾನು ಈ ಪ್ಲೇಯರಿಗೆ ಐದರಲ್ಲಿ ನಾಲ್ಕು ಚುಕ್ಕಿ ಕೊಟ್ಟೇನು.

ವಿಡಿಯೋ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಸ್ವಲ್ಪ ಕಡಿಮೆ. 2018ರಲ್ಲಿ ವಿಎಲ್‌ಸಿಯ 3.0 ಆವೃತ್ತಿ ಬಂತು. ಅದರಿಂದೀಚೆಗೆ ಒತ್ತಿಟ್ಟ ವಿಡಿಯೋವನ್ನು ಬಿಡಿಸುವ (ಡಿಕೋಡಿಂಗ್) ಕೆಲಸವನ್ನು ಅದು ತಾನಾಗಿಯೇ ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುತ್ತದೆ. ಹೊಸ ಯಂತ್ರಗಳಿಗೆ ಒಳ್ಳೆಯದೇ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಅಕ್ಕನ ಮದುವೆಯ ವಿಡಿಯೋದಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಎಲ್ಲರ ಮುಖದ ಮೇಲೂ ಹಸಿರು ಪಟ್ಟಿ. ಅವ್ವ ಗಾಬರಿಯಾಗಿ ಸೀಡಿ ಕೆಟ್ಟಿತು ಅಂದಳು. ಸೀಡಿ ಕೆಟ್ಟಿರಲಿಲ್ಲ. ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್‌ನಲ್ಲಿ 'ಹಾರ್ಡ್‌ವೇರ್-ಆಕ್ಸಿಲರೇಟೆಡ್ ಡಿಕೋಡಿಂಗ್' ಡಿಸೇಬಲ್ ಮಾಡಿದೊಡನೆ ಹಸಿರು ಹೋಯಿತು. ಫ್ಯಾನ್ ಮಾತ್ರ ಗಿರಣಿಯಂತೆ ಸದ್ದು ಮಾಡತೊಡಗಿತು, ಯಾಕೆಂದರೆ ಈಗ ಎಲ್ಲ ಹೊರೆ ಪ್ರೊಸೆಸರಿನ ತಲೆಯ ಮೇಲೆ.

ತಪ್ಪು ಫೈಲಿನದೋ ಯಂತ್ರದ್ದೋ ಅಂತ ತಿಳಿಯಲು ನಾನು ಮಾಡುವುದು ಇಷ್ಟೇ. ವಿಡಿಯೋ ಓಡುತ್ತಿರುವಾಗ ಕಂಟ್ರೋಲ್ ಹಿಡಿದು 'ಜೆ' ಒತ್ತಿದರೆ ಕೋಡೆಕ್, ಅಂದರೆ ವಿಡಿಯೋ ಒತ್ತಿಟ್ಟ ವಿಧಾನ, ಯಾವುದೆಂದು ತೋರಿಸುತ್ತದೆ. ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ಕಳೆದುಹೋದ ಫ್ರೇಮುಗಳ ಎಣಿಕೆ ಇರುತ್ತದೆ. ಆ ಅಂಕಿ ಆಟೋ ಮೀಟರಿನಂತೆ ಏರುತ್ತಿದ್ದರೆ ಯಂತ್ರಕ್ಕೆ ತಾಕತ್ತು ಸಾಲುತ್ತಿಲ್ಲ. ಅಂಕಿ ಕದಲದೆಯೂ ಚಿತ್ರ ಒಡೆಯುತ್ತಿದ್ದರೆ ನನ್ನ ಅನುಮಾನ ಫೈಲಿನ ಮೇಲೆ, ಮತ್ತೆ ಕಾಪಿ ಮಾಡಿಸಿಕೊಳ್ಳುತ್ತೇನೆ.

ತುಟಿ ಮುಂದೆ, ಮಾತು ಹಿಂದೆ ಆಗುವುದು ನಮ್ಮಲ್ಲಿ ಬ್ಲೂಟೂತ್ ಸ್ಪೀಕರ್ ಬಂದ ಮೇಲೆ ಶುರುವಾಯಿತು. ಬರೀ 'ಜೆ' ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ಮುಂದೆ ಬರುತ್ತದೆ, 'ಕೆ' ಒತ್ತಿದರೆ ಅಷ್ಟೇ ಹಿಂದೆ ಸರಿಯುತ್ತದೆ. ನಮ್ಮ ಸ್ಪೀಕರಿಗೆ ನಾಲ್ಕು ಸಲ 'ಜೆ'. ಇನ್ನೊಂದು ಫೈಲು ಹಚ್ಚಿದರೆ ಇದನ್ನು ಮರೆತುಬಿಡುತ್ತದೆ, ಮತ್ತೆ ನಾಲ್ಕು ಸಲ ಒತ್ತಬೇಕು. ಅವ್ವನಿಗೂ ಈಗ ಬಾಯಿಪಾಠ. ಟೀವಿಗೆ ಎಚ್‌ಡಿಎಂಐ ಚುಚ್ಚಿದಾಗ ಚಿತ್ರ ಅಲ್ಲಿ, ಸದ್ದು ಇಲ್ಲಿ ಆದರೆ ಆಡಿಯೋ ಮೆನುವಿನಲ್ಲಿ ಡಿವೈಸ್ ಬದಲಿಸಿದರಾಯಿತು.

ಕುಂದುಗಳೂ ಇವೆ. ಸೆಟಿಂಗ್ಸ್ ಅಂದರೆ ದುರ್ಗದಬೈಲಿನ ಸಂಜೆ ಸಂತೆ. ಬೇಕಾದದ್ದೆಲ್ಲ ಇದೆ, ಎಲ್ಲಿದೆ ಅಂತ ಗೊತ್ತಿದ್ದವನಿಗೆ. ಇನ್ನು 2022ರಲ್ಲಿ ಕೆಲವು ತಿಂಗಳು ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್‌ನ ತಾಣವನ್ನೇ ಭಾರತದಲ್ಲಿ ತಡೆಹಿಡಿದಿದ್ದರು. ಆ ವರ್ಷದ ನವೆಂಬರಿನಲ್ಲಿ ತೆರವಾಯಿತು. ನಡುವೆ ವಿಂಡೋಸ್ ಮತ್ತೆ ಹಾಕಿಸಲು ಕೊಟ್ಟಿದ್ದೆ, ಅಂಗಡಿಯವರು ಎಲ್ಲಿಂದಲೋ ಇಳಿಸಿದ ವಿಎಲ್‌ಸಿಯ ಜೊತೆ ಮೂರು ಜಾಹೀರಾತು ಪ್ರೋಗ್ರಾಮುಗಳೂ ಉಚಿತವಾಗಿ ಬಂದವು. ಅವನ್ನು ಕಿತ್ತುಹಾಕಲು ಒಂದು ಭಾನುವಾರ ಹೋಯಿತು. ಇದು ಪ್ಲೇಯರಿನ ತಪ್ಪಲ್ಲ, ಆದರೂ ಹೇಳಿದೆ. ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಇದರಿಂದಲೂ ಆಗದ ಕೆಲಸ ಒಂದಿದೆ. ಅಳಿಯ ಹೊಸ ಫೋನಿನಲ್ಲಿ ಮಗಳ ತೊಟ್ಟಿಲ ಕಾರ್ಯವನ್ನು 4ಕೆ ಗಾತ್ರದಲ್ಲಿ, ಎಚ್.265 ಎಂಬ ಹೊಸ ಕೋಡೆಕ್‌ನಲ್ಲಿ ಹಿಡಿದು ಪೆನ್‌ಡ್ರೈವಿನಲ್ಲಿ ಕೊಟ್ಟ. ನನ್ನ ಲ್ಯಾಪ್‌ಟಾಪಿನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರಿನಲ್ಲಿ ಅದನ್ನು ಬಿಡಿಸುವ ಚಿಪ್ಪೇ ಇಲ್ಲ. ತೊಟ್ಟಿಲು ಒಮ್ಮೆ ತೂಗುವಷ್ಟರಲ್ಲಿ ಜೋಗುಳ ಮುಗಿದಿರುತ್ತದೆ. ಎಲ್ಲ ಸೆಟಿಂಗೂ ತಿರುವಿ ಸೋತು, ಗಾತ್ರ 1080ಪಿಗೆ ಇಳಿಸಿ ಹಳೆಯ ಎಚ್.264 ಕೋಡೆಕ್‌ನಲ್ಲಿ ಕೊಡಪ್ಪಾ ಅಂದೆ. "ಮಾಮಾ, ಲ್ಯಾಪ್‌ಟಾಪ್ ಬದಲಿ ಮಾಡ್ರಿ" ಅಂತಾನೆ. ಟ್ರಂಕಿನಲ್ಲಿ ಇನ್ನೂ ಹನ್ನೆರಡು ಕ್ಯಾಸೆಟ್ಟು ಉಳಿದಿವೆ, ಅವು ಮುಗಿಯುವವರೆಗೆ ಬದಲಿಸುವುದಿಲ್ಲ.