ಮೇರಾ ಪೀಕ್‌ಗೆ ಗೈಡ್ ಸಮೇತ: ಕಠ್ಮಂಡುವಿನ ಈ ಏಜೆನ್ಸಿ ಹೇಗಿದೆ?

ನೇಪಾಳದ ಮೇರಾ ಪೀಕ್ ಶಿಖರಕ್ಕೆ ನಮ್ಮನ್ನು ಕರೆದುಕೊಂಡು ಹೋದ ಏಜೆನ್ಸಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇವರು ಅಗ್ಗ ಅಲ್ಲ. ಮೇರಾ ಪೀಕ್‌ಗೆ ಅಂತ ಕಠ್ಮಂಡುವಿನಲ್ಲಿ ನಾವು ದರ ಕೇಳಿದವರ ಪೈಕಿ ಇವರದೇ ಜಾಸ್ತಿ ಇತ್ತು. ಆದರೂ ಯಾರಾದರೂ ಕೇಳಿದರೆ ಇವರ ಹತ್ತಿರವೇ ಹೋಗಿ ಅಂತ ಹೇಳುತ್ತೇನೆ. ದಿನಗಳ ಲೆಕ್ಕವನ್ನು ಇವರಷ್ಟು ಯೋಚಿಸಿ ಹಾಕಿದವರು ಬೇರೆ ಯಾರೂ ನಮಗೆ ಸಿಗಲಿಲ್ಲ.

ಮೇರಾ ಇರುವುದು ವಿಮಾನ ಇಳಿಯುವ ಲುಕ್ಲಾ ಊರಿನಿಂದ ಪೂರ್ವಕ್ಕೆ, ಹಿಂಕು ಕಣಿವೆಯ ತುದಿಯಲ್ಲಿ, ಮಕಾಲು ಬರುಣ್ ರಾಷ್ಟ್ರೀಯ ಉದ್ಯಾನದೊಳಗೆ. ಕಡಿಮೆ ದರದ ಪ್ಲಾನ್‌ಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. ಸುಮಾರು 2,850 ಮೀಟರ್ ಎತ್ತರದ ಲುಕ್ಲಾದಲ್ಲಿ ಇಳಿದು, ಎರಡು ಮೂರು ದಿನಕ್ಕೇ 4,600 ಮೀಟರ್ ದಾಟುವ ಜತ್ರ್ವಾ ಲಾ ಕಣಿವೆಮಾರ್ಗ ಹತ್ತಿಸಿ ಆ ಕಡೆಗೆ ಇಳಿಸುತ್ತಾರೆ. ದಿನ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ, ಆದರೆ ದೇಹಕ್ಕೆ ಒಗ್ಗಿಕೊಳ್ಳಲು ಟೈಮೇ ಸಿಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಅಂತ ಪರ್ವತ ವೈದ್ಯರು ಹೇಳುತ್ತಲೇ ಇರುತ್ತಾರೆ. ಆ ಪ್ಲಾನ್‌ಗಳಲ್ಲಿ ಇದಕ್ಕೆ ಜಾಗವೇ ಇಲ್ಲ.

ನಮ್ಮ ಗುಂಪಿನಲ್ಲಿ ಒಬ್ಬರಿಗೆ ರಜೆ ಕಮ್ಮಿ ಇತ್ತು. ಆ ಚಿಕ್ಕ ದಾರಿಯಲ್ಲೇ ಕರೆದುಕೊಂಡು ಹೋಗಿ ಅಂತ ಕೇಳಿದೆವು. ಏಜೆನ್ಸಿಯವರು ಫೋನಿನಲ್ಲೇ ಆಗೋದಿಲ್ಲ ಅಂದರು. ಬೇಕಿದ್ದರೆ ಬೇರೆಯವರ ಹತ್ತಿರ ಹೋಗಿ, ನಾವು ಮಾತ್ರ ಆ ದಾರಿಯಲ್ಲಿ ಹತ್ತಿಸುವುದಿಲ್ಲ, ವಾಪಸ್ ಬರುವಾಗ ಇಳಿಸುತ್ತೇವೆ ಅಂತ ನೇರವಾಗಿ ಹೇಳಿದರು. ಬಂದ ಗಿರಾಕಿಗೆ ಹೀಗೆ ಹೇಳಬೇಕಾದರೆ ಧೈರ್ಯ ಬೇಕು. ಹತ್ತುವಾಗ ದಕ್ಷಿಣದಿಂದ ಸುತ್ತು ಹಾಕಿಸಿದರು. ಪೈಯಾ, ಪಾಂಗೊಮ್, ಛತ್ರಾ ಖೋಲಾ, ಆಮೇಲೆ ಕೋಥೆ. ಕಾಡಿನೊಳಗೆ ಹತ್ತು, ಇಳಿ, ಮತ್ತೆ ಹತ್ತು, ಇದೇ ಕೆಲಸ, ಒಂದೊಂದು ದಿನ ಬೇಜಾರೂ ಆಗುತ್ತದೆ. ಆದರೆ ಕೋಥೆ ತಲುಪುವ ಹೊತ್ತಿಗೆ ಗುಂಪಿನಲ್ಲಿ ಒಬ್ಬರಿಗೂ ತಲೆನೋವಿರಲಿಲ್ಲ, ಎಲ್ಲರೂ ಚೆನ್ನಾಗಿ ಊಟ ಮಾಡುತ್ತಿದ್ದರು.

ಜಾಹೀರಾತುಗಳಲ್ಲಿ ಮೇರಾ ಎತ್ತರ 6,476 ಮೀಟರ್ ಅಂತಲೇ ಇರುತ್ತದೆ. ಅದು ಉತ್ತರದ ತುದಿ. ಗೈಡ್ ಜೊತೆ ಹೋಗುವವರು ಸಾಮಾನ್ಯವಾಗಿ ಹತ್ತುವುದು ಮಧ್ಯದ ತುದಿ, ಅದು 6,461. 15 ಮೀಟರ್ ವ್ಯತ್ಯಾಸ ಏನು ಮಹಾ ಅನ್ನಬಹುದು. ಇವರು ಅದನ್ನೂ ಮೊದಲ ಮೇಲ್‌ನಲ್ಲೇ ಬರೆದಿದ್ದರು. ನನಗೆ ಇವರ ಮೇಲೆ ನಂಬಿಕೆ ಬಂದದ್ದು ಅಲ್ಲೇ. 1953ರ ಮೇ 20ರಂದು ಬ್ರಿಟಿಷ್ ಪರ್ವತಾರೋಹಿ ಜಿಮ್ಮಿ ರಾಬರ್ಟ್ಸ್ ಮತ್ತು ಶೆರ್ಪಾ ಸೇನ್ ತೇನ್‌ಜಿಂಗ್ ಮೊದಲು ಹತ್ತಿದ್ದೂ ಈ ಮಧ್ಯದ ತುದಿಯನ್ನೇ, ಅದೂ ಎವರೆಸ್ಟನ್ನು ಮನುಷ್ಯರು ಮೊದಲ ಸಲ ಹತ್ತುವುದಕ್ಕೆ ಒಂಬತ್ತು ದಿನ ಮೊದಲು.

ಬುಕಿಂಗ್ ಮಾಡುವಾಗ ಪ್ರಶ್ನೆಗಳು ಸಿಕ್ಕಾಪಟ್ಟೆ. ಹಿಂದೆ ಎಷ್ಟು ಎತ್ತರದಲ್ಲಿ ಮಲಗಿದ್ದೀರಿ, ಆಗ ಏನಾಯಿತು, ಉಬ್ಬಸ ಇದೆಯಾ, ಯಾವ ಮಾತ್ರೆ ತಗೊಳ್ತೀರಿ, ಎಲ್ಲ ಬರೆದು ಕೊಡಬೇಕು. ಇನ್ಶೂರೆನ್ಸ್ ಪಾಲಿಸಿ ಪೂರ್ತಿ ಕಳಿಸಿ ಅಂದರು. 6,500 ಮೀಟರ್‌ವರೆಗೆ ಕವರ್ ಇದೆಯಾ, ಹಗ್ಗ ಬಳಸಿ ಹತ್ತುವುದು ಸೇರಿದೆಯಾ ಅಂತ ಅವರೇ ಓದಿ ನೋಡಿದರು. ತುಂಬಾ ಟ್ರೆಕ್ಕಿಂಗ್ ಪಾಲಿಸಿಗಳು ಅದಕ್ಕಿಂತ ಕೆಳಗೇ ನಿಂತುಬಿಡುತ್ತವೆ. ಹೆಲಿಕಾಪ್ಟರ್ ಯಾವಾಗ ಕರೆಸುತ್ತೀರಿ, ಯಾರು ತೀರ್ಮಾನ ಮಾಡುತ್ತಾರೆ ಅಂತ ನಾವೂ ಕೇಳಿದೆವು. ಅದಕ್ಕೂ ಬರಹದಲ್ಲೇ ಉತ್ತರ ಕೊಟ್ಟರು. ಇದನ್ನು ಎಲ್ಲರೂ ಕೇಳಲೇಬೇಕು, ಯಾಕೆಂದರೆ ಬೇಕಿಲ್ಲದಿದ್ದರೂ ಹೆಲಿಕಾಪ್ಟರ್ ಕರೆಸಿ ಇನ್ಶೂರೆನ್ಸ್ ಕಂಪನಿಗಳಿಂದ ದುಡ್ಡು ಹೊಡೆಯುವ ದಂಧೆ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು.

ಇನ್ನು ಹಮಾಲರ ವಿಷಯ. ಎತ್ತರದಲ್ಲಿ ಸಾಮಾನು ಹೊರುವವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ನನ್ನ ಮಟ್ಟಿಗೆ ಶಿಖರಕ್ಕಿಂತ ಮುಖ್ಯ. ಲುಕ್ಲಾದಲ್ಲಿ ಲಾಡ್ಜ್ ಅಂಗಳದಲ್ಲಿ ಗೈಡ್ ಒಂದು ಕೊಕ್ಕೆಯ ತಕ್ಕಡಿಯನ್ನು ತೊಲೆಗೆ ನೇತುಹಾಕಿ ಒಂದೊಂದೇ ಹೊರೆ ತೂಗಿದರು. 30 ಕೆಜಿ ದಾಟಿದರೆ ಬಿಚ್ಚಿಸುತ್ತಿದ್ದರು. ಒಂದು ಹೊರೆ ಸ್ವಲ್ಪವೇ ಜಾಸ್ತಿ ಬಂತು, ಪರವಾಗಿಲ್ಲ ಹೊರುತ್ತೇನೆ ಅಂತ ಆ ಹುಡುಗ ಅಂದರೂ ಬಿಡದೆ, ನಮ್ಮವರೊಬ್ಬರ ಬ್ಯಾಗಿನಿಂದ ಎರಡನೇ ಜೊತೆ ಶೂ ತೆಗೆಸಿ ಲಾಡ್ಜ್‌ನಲ್ಲೇ ಬಿಡಿಸಿದರು. ಹಮಾಲರೆಲ್ಲರಿಗೂ ಜಾಕೆಟ್, ಕೈಗವಸು, ತಂಪು ಕನ್ನಡಕ ಕಂಪನಿಯದ್ದೇ. ಕನ್ನಡಕ ಸಣ್ಣ ವಿಷಯ ಅಲ್ಲ, ಹಿಮದ ಮೇಲೆ ಅದಿಲ್ಲದೆ ಒಂದೇ ದಿನ ನಡೆದರೂ ಕಣ್ಣು ಸುಟ್ಟಂತೆ ಉರಿದು ಬಿಡಲಾಗುವುದಿಲ್ಲ.

ತಾಂಗ್ನಾಗ್‌ನಲ್ಲಿ ಒಂದು ದಿನ ನಿಂತೆವು. ಅವತ್ತು ಸಬಾಯಿ ತ್ಸೋ ಸರೋವರದ ದಂಡೆವರೆಗೆ ಹತ್ತಿಸಿ ವಾಪಸ್ ಕರೆತಂದರು, ಎತ್ತರ ಒಗ್ಗಲಿ ಅಂತ. 1998ರ ಸೆಪ್ಟೆಂಬರ್‌ನಲ್ಲಿ ಈ ಸರೋವರ ಒಡೆದು ಕಣಿವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಹೊಳೆಯ ಎರಡೂ ಕಡೆ ರಾಶಿ ಬಿದ್ದಿರುವ ಬಿಳಿ ಬಂಡೆಗಳನ್ನು ತೋರಿಸಿ, ಕ್ಯಾಂಪ್ ಯಾಕೆ ನೀರಿನ ಪಕ್ಕ ಹಾಕುವುದಿಲ್ಲ ಅಂತ ಗೈಡ್ ವಿವರಿಸಿದರು.

ಖಾರೆ ಸುಮಾರು 5,000 ಮೀಟರ್. ಟೀಹೌಸ್‌ಗಳು ಅಲ್ಲಿಗೆ ಮುಗಿಯುತ್ತವೆ. ಇಲ್ಲಿ ಒಂದು ಪೂರ್ತಿ ದಿನ ತರಬೇತಿ. ನಮ್ಮ ಕ್ಲೈಂಬಿಂಗ್ ಗೈಡ್ ಸೋಲುಖುಂಬುವಿನ ಶೆರ್ಪಾ, ನಾವು ದಾಯಿ, ಅಂದರೆ ಅಣ್ಣ, ಅಂತಲೇ ಕರೆಯುತ್ತಿದ್ದೆವು. ಮಾತು ಕಮ್ಮಿ. ಹಗ್ಗಕ್ಕೆ ಜುಮಾರ್ (ಮೇಲಕ್ಕೆ ಮಾತ್ರ ಜಾರುವ, ಕೆಳಗೆ ಎಳೆದರೆ ಹಗ್ಗ ಕಚ್ಚುವ ಹಿಡಿಕೆ) ಹಾಕುವುದು, ಗಂಟಿನ ಹತ್ತಿರ ಬಂದಾಗ ಮೊದಲು ಸೇಫ್ಟಿ ಕ್ಯಾರಬಿನರ್ (ಲೋಹದ ಕೊಕ್ಕೆ) ಆ ಕಡೆಗೆ ಹಾಕಿ ಆಮೇಲೆ ಜುಮಾರ್ ದಾಟಿಸುವುದು, ಇಷ್ಟನ್ನೇ ಮತ್ತೆ ಮತ್ತೆ ಮಾಡಿಸಿದರು. ನಮಗೆ ಬಂತು ಅನ್ನಿಸಿದ ಮೇಲೆ ದಪ್ಪ ಕೈಗವಸು ಹಾಕಿಕೊಂಡು ಮಾಡಿ ಅಂದರು. ಅದೂ ಬಂದ ಮೇಲೆ ಕಣ್ಣು ಮುಚ್ಚಿ ಮಾಡಿ ಅಂದರು. ಶಿಖರಕ್ಕೆ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಕೊರೆಯುವ ಚಳಿಯಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ. ಆಗ ಬೆರಳಿಗೆ ತಾನಾಗೇ ಗೊತ್ತಿರಬೇಕು. ದಿನಾ ಸಂಜೆ ಆಕ್ಸಿಮೀಟರ್ ಹಾಕಿ ಪ್ರತಿಯೊಬ್ಬರ ಅಂಕಿ ಬರೆದುಕೊಳ್ಳುತ್ತಿದ್ದರು. ಆದರೆ ಅಂಕಿಗಿಂತ ಜಾಸ್ತಿ ನೋಡುತ್ತಿದ್ದುದು ಯಾರು ಊಟ ಬಿಟ್ಟರು, ಯಾರು ಸುಮ್ಮನಾದರು ಅಂತ. ಖಾರೆಯಲ್ಲಿ ಒಬ್ಬರಿಗೆ ತಲೆನೋವು ಇಳಿಯಲಿಲ್ಲ. ಚರ್ಚೆಯೇ ಇಲ್ಲ, ಪ್ಲಾನ್‌ನಲ್ಲಿ ಇಟ್ಟಿದ್ದ ಹೆಚ್ಚುವರಿ ದಿನವನ್ನು ಅಲ್ಲಿ ಖರ್ಚು ಮಾಡಿದರು. ಮರುದಿನ ಅವರು ಚೇತರಿಸಿಕೊಂಡರು, ಶಿಖರಕ್ಕೂ ಬಂದರು.

ಶಿಖರಕ್ಕೆ ಮೊದಲಿನ ಕೊನೆಯ ಬಿಡಾರ, ಅಂದರೆ ಹೈಕ್ಯಾಂಪ್, ಸುಮಾರು 5,800 ಮೀಟರ್‌ನಲ್ಲಿ. ಅಲ್ಲಿಂದ ಮೇಲೆ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ಹಿಮದ ಬಿರುಕುಗಳನ್ನು ತಪ್ಪಿಸಿಕೊಂಡು ನಿಧಾನಕ್ಕೆ ಕರೆದುಕೊಂಡು ಹೋದರು. ಇಳಿಜಾರು ಕಷ್ಟದ್ದಲ್ಲ, ಉಸಿರೇ ಕಷ್ಟ, ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಕಮ್ಮಿ. ಕೊನೆಯ ಕಡಿದಾದ ಗುಡ್ಡೆಗೆ ಮಾತ್ರ ಫಿಕ್ಸ್ ಮಾಡಿದ ಹಗ್ಗ. ಮೇಲೆ ನಿಂತಾಗ ಎವರೆಸ್ಟ್, ಲ್ಹೋತ್ಸೆ, ಮಕಾಲು, ಚೋ ಓಯು, ದೂರದಲ್ಲಿ ಕಾಂಚನಜುಂಗಾ, ಎಂಟು ಸಾವಿರ ಮೀಟರ್ ದಾಟಿದ ಐದು ಬೆಟ್ಟ ಒಂದೇ ಸಲ ಕಾಣಿಸಿದವು. ನಾನು ಅತ್ತುಬಿಟ್ಟೆ.

ಕೊರತೆಗಳೂ ಇವೆ. ಸೀಸನ್‌ನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಹೊರಡುವುದಿಲ್ಲ, ರಾಮೇಛಾಪ್‌ನ ಮಂಥಲಿಯಿಂದ ಹೊರಡುತ್ತವೆ. ಅದಕ್ಕೆ ನಡುರಾತ್ರಿಯಲ್ಲೇ ಗಾಡಿ ಹತ್ತಬೇಕು. ಇದನ್ನು ನಮಗೆ ಹೇಳಿದ್ದು ಹಿಂದಿನ ಸಂಜೆ. ವಿಮಾನದಲ್ಲಿ ಸಾಮಾನು 15 ಕೆಜಿ ಮಾತ್ರ ಅನ್ನುವುದನ್ನೂ ತಡವಾಗಿ ಹೇಳಿದರು. ಹೈಕ್ಯಾಂಪಿನ ಟೆಂಟ್ ಹಳೆಯದು, ನಮ್ಮದರ ಜಿಪ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಗಾಳಿಯಲ್ಲಿ ಅದು ತಮಾಷೆ ಅಲ್ಲ, ಇಷ್ಟು ದರ ತಗೊಳ್ಳುವವರು ಟೆಂಟ್ ಬದಲಾಯಿಸಲೇಬೇಕು. ಬಾಡಿಗೆಗೆ ಕೊಟ್ಟ ಡಬಲ್ ಬೂಟು ಮಾತ್ರ ಚೆನ್ನಾಗಿತ್ತು, ಕಠ್ಮಂಡುವಿನಲ್ಲೇ ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಲೋಹದ ಮುಳ್ಳು) ಹಾಕಿಸಿ ಅಳತೆ ನೋಡಿ ಕೊಟ್ಟರು. ಟಿಪ್ಸ್ ಎಷ್ಟು ಕೊಡಬೇಕು ಅನ್ನುವುದು ಎಲ್ಲೂ ಬರೆದಿರಲಿಲ್ಲ, ಕೊನೆಯ ದಿನ ಗುಂಪಿನಲ್ಲಿ ಅದಕ್ಕೇ ಗೊಂದಲವಾಯಿತು.

ಹೋಗುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಗೈಡ್‌ನ ಲೈಸೆನ್ಸ್ ಪ್ರತಿ ಕೇಳಿ, ಕೊಡುತ್ತಾರೆ. ನೇಪಾಳ ಪರ್ವತಾರೋಹಣ ಸಂಘದ ಪರ್ಮಿಟ್ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯಾ ಕೇಳಿ. ಅದು ಸೀಸನ್ ಪ್ರಕಾರ ಬದಲಾಗುತ್ತದೆ, ವಸಂತದಲ್ಲಿ ಜಾಸ್ತಿ. ಹೆಚ್ಚುವರಿ ದಿನಗಳು ಎಷ್ಟು, ಬಳಸದಿದ್ದರೆ ದುಡ್ಡು ವಾಪಸ್ ಇದೆಯಾ ಅನ್ನುವುದನ್ನೂ ಬರೆಸಿಕೊಳ್ಳಿ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಇದು ಇನ್ನೂ ಮುಖ್ಯ. ಆಕಾಶ ತಿಳಿಯಾಗಿರುವ ತಿಂಗಳು ಅಂತ ಎಲ್ಲರೂ ಹೇಳುತ್ತಾರೆ, ನಿಜ, ಆದರೆ 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತ ತಂದ ಹಿಮಪಾತಕ್ಕೆ ಅನ್ನಪೂರ್ಣ ಕಡೆ 40ಕ್ಕೂ ಹೆಚ್ಚು ಜನ ಸತ್ತಿದ್ದೂ ಅದೇ ತಿಂಗಳಲ್ಲಿ. ಶಿಖರದ ದಿನಕ್ಕೆ ಕನಿಷ್ಠ ಒಂದು, ಲುಕ್ಲಾದಿಂದ ವಾಪಸ್ ಬರುವುದಕ್ಕೆ ಎರಡು ದಿನ ಕೈಯಲ್ಲಿರುವ ಹಾಗೆ ನಿಮ್ಮ ಊರಿನ ಟಿಕೆಟ್ ಬುಕ್ ಮಾಡಿ.