ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಖಾಸಗಿ ಹೈಸ್ಕೂಲಿಗೆ ಹಾಕುವ ಮುಂಚೆ ಇದನ್ನು ಓದಿ

ಎರಡು ವಾರದ ಹಿಂದೆ ದೇವಸ್ಥಾನದಲ್ಲಿ ಪ್ರಸಾದ ತಿನ್ನುತ್ತ ಕೂತಿದ್ದಾಗ ಪಕ್ಕದಲ್ಲಿದ್ದವರು, ನಮ್ಮ ದಾವಣಗೆರೆ ಕಡೆಯವರೇ, ಮಗನನ್ನು ಮುಂದಿನ ವರ್ಷ ಒಂದು ಪುಟ್ಟ ಖಾಸಗಿ ಹೈಸ್ಕೂಲಿಗೆ ಹಾಕುತ್ತಿದ್ದೇವೆ ಅಂದರು. "ಅಕ್ರೆಡಿಟೇಶನ್ (ಮಾನ್ಯತೆ) ಇದೆಯಾ?" ಅಂತ ಕೇಳಿದೆ. "ಅಯ್ಯೋ ಇದೆ ರೀ, ಗೋಡೆ ಮೇಲೆ ಸರ್ಟಿಫಿಕೇಟೇ ಹಾಕಿದ್ದಾರಲ್ಲ!" ಪುಳಿಯೋಗರೆ ಗಂಟಲಲ್ಲೇ ನಿಂತಿತು. ಮೂರು ವರ್ಷದ ಹಿಂದೆ ನನ್ನ ತಂಗಿಗೆ ಫೋನಿನಲ್ಲಿ ನಾನು ಹೇಳಿದ್ದೂ ಇದೇ ಮಾತು. ಅವರಿಗೆ ಅಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಗಳು ಮಾತು ಕಡಿಮೆ. ಎರಡು ಸಾವಿರ ಮಕ್ಕಳಿರುವ ಪಬ್ಲಿಕ್, ಅಂದರೆ ಸರ್ಕಾರಿ, ಹೈಸ್ಕೂಲಿನಲ್ಲಿ ಕಳೆದುಹೋಗುತ್ತಾಳೆ ಅಂತ ನಮಗೆ ಭಯ. ಪರಿಚಯದವರೊಬ್ಬರು ಅರವತ್ತು ಮಕ್ಕಳ ಒಂದು ಖಾಸಗಿ ಶಾಲೆ ತೋರಿಸಿದರು. ವರ್ಷಕ್ಕೆ 19,000 ಡಾಲರ್. ಒಳಗೆ ಹೋದರೆ ಎದುರು ಗೋಡೆಯಲ್ಲಿ ಎರಡು ಚೌಕಟ್ಟು. ಒಂದರಲ್ಲಿ ರಾಜ್ಯ ಶಿಕ್ಷಣ ಇಲಾಖೆಗೆ ಸಲ್ಲಿಸಿದ ಕಾಗದದ ಪ್ರತಿ, ಇನ್ನೊಂದರಲ್ಲಿ ಉಬ್ಬಿದ ಚಿನ್ನದ ಮುದ್ರೆಯ ಮಾನ್ಯತಾ ಪತ್ರ. ಕೊಟ್ಟ ಸಂಸ್ಥೆಯ ಹೆಸರಲ್ಲಿ 'ನ್ಯಾಷನಲ್' ಇತ್ತು, 'ಕೌನ್ಸಿಲ್' ಇತ್ತು. ನಮ್ಮನೆಯವರು ಮುದ್ರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ತಲೆ ಆಡಿಸಿದರು. ಅಲ್ಲಿಗೆ ನಮ್ಮ ವಿಚಾರಣೆ ಮುಗಿಯಿತು.

ನಮ್ಮ ತಲೆಯೊಳಗೆ ಕೂತಿದ್ದು ಊರಿನ ಲೆಕ್ಕ. ಅಲ್ಲಿ ಶಾಲೆಗೆ ಮಾನ್ಯತೆ ಕೊಡುವುದು ಸರ್ಕಾರ, ಹತ್ತನೇ ಕ್ಲಾಸಿಗೆ ಪರೀಕ್ಷೆ ಮಾಡುವುದು ಬೋರ್ಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂತು ಅಂದರೆ ಶಾಲೆ ಮುಚ್ಚಿಹೋದರೂ ಅಂಕಪಟ್ಟಿ ಸಾಯುವುದಿಲ್ಲ. ಇಲ್ಲಿ ಅಂಥ ಬೋರ್ಡೇ ಇಲ್ಲ. ಶಾಲೆ ಕೊಟ್ಟ ಟ್ರಾನ್ಸ್‌ಕ್ರಿಪ್ಟೇ ಎಲ್ಲ, ಅದರ ಬೆಲೆ ಶಾಲೆಯ ಬೆಲೆಯಷ್ಟೇ.

ಆ ಮೊದಲ ಚೌಕಟ್ಟಿನ ಕಾಗದ ಏನು ಅಂತ ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯಾದ ಪ್ರತಿ ಖಾಸಗಿ ಶಾಲೆಯೂ ವರ್ಷಾ ವರ್ಷ ಅಕ್ಟೋಬರ್ 1ರಿಂದ 15ರೊಳಗೆ ಒಂದು ಅಫಿಡವಿಟ್ ಸಲ್ಲಿಸಬೇಕು. ಇಂಥ ಕಡೆ ಶಾಲೆ ಇದೆ, ಇಷ್ಟು ಮಕ್ಕಳಿದ್ದಾರೆ ಅಂತ ತಿಳಿಸುವುದಷ್ಟೇ. ಸಲ್ಲಿಸಿದ ಮಾತ್ರಕ್ಕೆ ರಾಜ್ಯ ಆ ಶಾಲೆಯನ್ನು ಪರಿಶೀಲಿಸಿದೆ, ಒಪ್ಪಿದೆ ಅಂತಲ್ಲ. ಇದನ್ನು ಇಲಾಖೆಯೇ ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲೇ ತನ್ನ ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಿಯೂ ಇದೇ ಅಫಿಡವಿಟ್ ಹಾಕುತ್ತಾಳೆ. ನಾನು ಹಾಕಿದ್ದರೂ ನಮ್ಮ ಅಡುಗೆಮನೆ ಗೋಡೆಗೆ ಅದೇ ಚೌಕಟ್ಟು ತೂಗುಹಾಕಬಹುದಿತ್ತು, 38,000 ಡಾಲರ್ ಉಳಿಯುತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪಾಠ ಕೆಟ್ಟದಾಗಿರಲಿಲ್ಲ. ಇಂಗ್ಲಿಷ್ ಮೇಷ್ಟ್ರು ಬಹಳ ಒಳ್ಳೆಯವರು, ಮಗಳು ಈಗಲೂ ಅವರಿಗೆ ಮೇಲ್ ಬರೆಯುತ್ತಾಳೆ. ಅದಕ್ಕೇ ಎರಡು ವರ್ಷ ನಮಗೆ ಏನೂ ಅನುಮಾನ ಬರಲಿಲ್ಲ.

ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಮುಂದಿನ ವರ್ಷ ಕೆಮಿಸ್ಟ್ರಿಗೆ ಲ್ಯಾಬ್ ಇರುವುದಿಲ್ಲ ಅಂದರು. ಸರಿ, ಪಬ್ಲಿಕ್ ಶಾಲೆಗೇ ಹೋಗೋಣ ಅಂತ ಕೌನ್ಸೆಲರ್ ಹತ್ತಿರ ಹೋದೆವು. ಟ್ರಾನ್ಸ್‌ಕ್ರಿಪ್ಟ್ ತುಂಬಾ ಎ ಗ್ರೇಡು, ನಾವು ಸ್ವಲ್ಪ ಬೀಗುತ್ತಲೇ ಕೊಟ್ಟೆವು. ಆಕೆ ಗ್ರೇಡಿನ ಕಡೆ ನೋಡಲೇ ಇಲ್ಲ. ಪೆನ್ಸಿಲ್ ತುದಿ ಶಾಲೆಯ ಹೆಸರಿನ ಮೇಲೆ ನಿಂತಿತು. ಕಂಪ್ಯೂಟರಿನಲ್ಲಿ ಏನೋ ಹುಡುಕಿದರು, ಇನ್ನೊಂದು ಸಲ ಹುಡುಕಿದರು. ಆಮೇಲೆ ಕುರ್ಚಿ ನಮ್ಮ ಕಡೆ ತಿರುಗಿಸಿಕೊಂಡು, "ಈ ಶಾಲೆ ವಾಸ್ಕ್ ಪಟ್ಟಿಯಲ್ಲಿಲ್ಲ. ಇಲ್ಲಿನ ಒಂದು ಕೋರ್ಸೂ ಎ-ಜಿ ಪಟ್ಟಿಯಲ್ಲಿಲ್ಲ" ಅಂದರು. ನಮ್ಮನೆಯವರು ಚಿನ್ನದ ಮುದ್ರೆಯ ಫೋಟೋ ಫೋನಿನಲ್ಲಿ ತೋರಿಸಿದರು. ಆಕೆ ನಗಲಿಲ್ಲ, ಅದೊಂದು ಪುಣ್ಯ.

ವಾಸ್ಕ್ ಅಂದರೆ ಇಲ್ಲಿನ ಶಾಲೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ. ಎ-ಜಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಅರ್ಜಿ ಹಾಕಲು ಹೈಸ್ಕೂಲಿನಲ್ಲಿ ತಲಾ ಒಂದು ವರ್ಷದ 15 ಕೋರ್ಸುಗಳನ್ನು ಕನಿಷ್ಠ ಸಿ ಗ್ರೇಡಿನಲ್ಲಿ ಮುಗಿಸಿರಬೇಕು. ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಬೇರೆ ಭಾಷೆ 2, ಕಲೆ 1, ಎಲೆಕ್ಟಿವ್ (ಇಷ್ಟದ ವಿಷಯ) 1. ಅದರಲ್ಲಿ 11 ಕೋರ್ಸು ಹನ್ನೆರಡನೇ ಕ್ಲಾಸಿಗೆ ಕಾಲಿಡುವ ಮೊದಲೇ ಮುಗಿದಿರಬೇಕು. ಬರೀ ಇಂಗ್ಲಿಷ್ ಓದಿದರೆ ಸಾಲದು, ಆ ಶಾಲೆಯ ಆ ಇಂಗ್ಲಿಷ್ ಕೋರ್ಸು, ಓದಿದ ಆ ವರ್ಷದಲ್ಲಿ ಯುಸಿಯ ಪಟ್ಟಿಯಲ್ಲಿರಬೇಕು. ಮಗಳ ಲೆಕ್ಕದಲ್ಲಿ ಹತ್ತನೇ ಕ್ಲಾಸು ಮುಗಿದಾಗ ಇದ್ದದ್ದು ಸೊನ್ನೆ. ಎಸ್ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದು ಸರಿದೂಗಿಸೋಣ ಅಂದರೆ ಯುಸಿ ಪ್ರವೇಶಕ್ಕೆ ಎಸ್ಎಟಿ ನೋಡುವುದನ್ನೇ ನಿಲ್ಲಿಸಿದೆ.

ಹೈಸ್ಕೂಲು ಮುಗಿಸಿದ್ದಕ್ಕೆ ಶಾಲಾ ಡಿಸ್ಟ್ರಿಕ್ಟು ಕೊಡುವ ಡಿಪ್ಲೊಮಾದ ಲೆಕ್ಕ ಬೇರೆ. ಖಾಸಗಿ ಶಾಲೆಯ ಕ್ರೆಡಿಟ್ಟನ್ನು ಪಬ್ಲಿಕ್ ಶಾಲೆ ಒಪ್ಪಲೇಬೇಕು ಅಂತ ಕಾನೂನಿಲ್ಲ, ಅದು ಅವರಿಷ್ಟ. ಎರಡು ವರ್ಷದ 120 ಕ್ರೆಡಿಟ್ಟಿನಲ್ಲಿ 20 ಮಾತ್ರ, ಅದೂ ಎಲೆಕ್ಟಿವ್ ಅಂತ, ಗ್ರೇಡಿಲ್ಲದೆ ಕೊಟ್ಟರು.

ಅವತ್ತು ರಾತ್ರಿ ನಮ್ಮನೆಯವರು ಆ 'ನ್ಯಾಷನಲ್ ಕೌನ್ಸಿಲ್' ವಿಳಾಸವನ್ನು ಮ್ಯಾಪಿನಲ್ಲಿ ಹಾಕಿ ನೋಡಿದರು. ಡೋನಟ್ ಅಂಗಡಿಗೂ ಲಾಂಡ್ರಿಗೂ ಮಧ್ಯೆ ಅಂಚೆಪೆಟ್ಟಿಗೆ ಬಾಡಿಗೆಗೆ ಕೊಡುವ ಒಂದು ಅಂಗಡಿ. ಸೂಟ್ ನಂಬರ್ ಅಂತ ಬರೆದಿದ್ದದ್ದು ಪೆಟ್ಟಿಗೆಯ ನಂಬರು. ಫೆಡರಲ್ ಶಿಕ್ಷಣ ಇಲಾಖೆಗೆ ದೂರು ಕೊಡೋಣ ಅಂತ ಹೊರಟರೆ, ಅವರು ಗುರುತಿಸುವುದು ಕಾಲೇಜುಗಳ ಅಕ್ರೆಡಿಟರುಗಳನ್ನು ಮಾತ್ರ. ಹೈಸ್ಕೂಲಿನ ಅಕ್ರೆಡಿಟರುಗಳಿಗೆ ಕೇಂದ್ರದ ಅಧಿಕೃತ ಪಟ್ಟಿ ಅಂತ ಇಲ್ಲವೇ ಇಲ್ಲ. ಹಾಗಾಗಿ ಯಾರು ಬೇಕಾದರೂ ಒಂದು ಕೌನ್ಸಿಲ್ ಕಟ್ಟಿ ಮುದ್ರೆ ಒತ್ತಬಹುದು.

ಟ್ರಾನ್ಸ್‌ಕ್ರಿಪ್ಟಿನಲ್ಲಿ 'ಎಪಿ ಬಯಾಲಜಿ' ಅಂತಲೂ ಇತ್ತು. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಅದನ್ನು ನಡೆಸುವ ಕಾಲೇಜ್ ಬೋರ್ಡಿನ ಆಡಿಟ್ ಪಾಸಾದ ಕೋರ್ಸಿಗೆ ಮಾತ್ರ ಎಪಿ ಅಂತ ಹೆಸರು ಹಾಕಬೇಕು, ಅಂಥವೆಲ್ಲ ಅವರ ಲೆಡ್ಜರಿನಲ್ಲಿ ಸಿಗುತ್ತವೆ. ಇದು ಅಲ್ಲೂ ಇರಲಿಲ್ಲ.

ಶಾಲೆಯ ನಿರ್ದೇಶಕರಿಗೆ ಫೋನ್ ಮಾಡಿದೆ. ಬಹಳ ಮೃದುವಾಗಿ, ಒಪ್ಪಂದದ ಒಂಬತ್ತನೇ ಪುಟ ನೋಡಿ ಅಂದರು. 'ಕ್ರೆಡಿಟ್ ಸ್ವೀಕಾರ ಸೇರುವ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು' ಅಂತಿತ್ತು, ಕೆಳಗೆ ನನ್ನದೇ ಸಹಿ. ಒಂದು ಡಾಲರೂ ವಾಪಸ್ ಬರಲಿಲ್ಲ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ ಆಯಿತು. ಕ್ರೆಡಿಟ್ ಕೊಡುವವರನ್ನು ಹತ್ತು ಪ್ರಶ್ನೆ ಕೇಳಿದ್ದೆವು, ಅದನ್ನು ತೆಗೆದುಕೊಳ್ಳುವವರನ್ನು ಒಂದೂ ಕೇಳಿರಲಿಲ್ಲ.

ಆಮೇಲಿನದು ರಿಪೇರಿ ಕೆಲಸ. ಇದೇ ಸ್ಥಿತಿಯಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯುಸಿಗೆ ವರ್ಗವಾಗುವ, ಸೆಮಿಸ್ಟರ್ ಲೆಕ್ಕದ ಮೂರು ಯೂನಿಟ್ಟಿನ ಒಂದು ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಕೋರ್ಸು, ಹೈಸ್ಕೂಲಿನ ಒಂದು ಪೂರ್ತಿ ವರ್ಷಕ್ಕೆ ಸಮ. ಹೈಸ್ಕೂಲು ಮಕ್ಕಳಿಗೆ ಬಹಳ ಕಾಲೇಜುಗಳಲ್ಲಿ ಯೂನಿಟ್ ಶುಲ್ಕ ಮಾಫಿ. ಮಗಳು ಬೇಸಿಗೆಯಲ್ಲಿ ವಿಶ್ವ ಇತಿಹಾಸ ಹೀಗೇ ಮುಗಿಸಿದಳು. ಯಾವ ಕೋರ್ಸು ಯುಸಿಗೆ ವರ್ಗವಾಗುತ್ತದೆ ಅಂತ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನೋಡಿಯೇ ಸೇರಿಸಿ. ಆ ಗ್ರೇಡು ಕಾಲೇಜು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಆಟವಲ್ಲ. ಸ್ಪ್ಯಾನಿಷ್ ಮೂರನೇ ವರ್ಷದ ಕೋರ್ಸಿನಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಬಂದರೆ ಹಿಂದಿನ ಎರಡು ವರ್ಷ ತಾನಾಗಿ ಲೆಕ್ಕಕ್ಕೆ ಬರುತ್ತದೆ. ಆಲ್ಜಿಬ್ರಾ ಎರಡು ಪಾಸಾದರೆ ಆಲ್ಜಿಬ್ರಾ ಒಂದೂ ಬಂದ ಹಾಗೆ. ಜ್ಯಾಮಿತಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದನ್ನು ಮತ್ತೆ ಮೊದಲಿಂದ ಓದಿದಳು. ಗೊತ್ತಿದ್ದ ಪ್ರಮೇಯವನ್ನೇ ಜುಲೈ ಬಿಸಿಲಲ್ಲಿ ಕೂತು ಮತ್ತೆ ಬರೆಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಇಂಗ್ಲಿಷಿಗೆ ಎಪಿ ಪರೀಕ್ಷೆ ಕೈಹಿಡಿಯಿತು. ಅದರಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೊದಲ ಮೂರು ವರ್ಷದ ಇಂಗ್ಲಿಷ್ ಪೂರೈಸಿದ ಹಾಗೆ. ಹಳೇ ಮೇಷ್ಟ್ರ ಪುಣ್ಯ, 5 ಬಂತು.

ಇನ್ನೊಂದು ಹೊಟ್ಟೆಯುರಿ. ಐದನೇ ಕ್ಲಾಸಿನಲ್ಲಿ ಅವಳನ್ನು ಭಾನುವಾರದ ಕನ್ನಡ ಶಾಲೆ ಬಿಡಿಸಿದ್ದೆವು, ಟೈಮ್ ವೇಸ್ಟ್ ಅಂತ. ಅಲ್ಲೇ ಮುಂದುವರಿದ ಅವಳ ಗೆಳತಿಗೆ ಕನ್ನಡಕ್ಕೇ ಹೈಸ್ಕೂಲಿನ ಭಾಷಾ ಕ್ರೆಡಿಟ್ ಸಿಕ್ಕಿದೆ. ಬಾಡಿಗೆ ಕೋಣೆಯಲ್ಲಿ ಅ ಆ ಇ ಈ ಹೇಳಿಕೊಡುವವರ ಕಾಗದಪತ್ರ ಸರಿಯಾಗಿತ್ತು, 19,000 ಡಾಲರ್ ತೆಗೆದುಕೊಂಡವರದು ಇರಲಿಲ್ಲ.

ಶಾಲೆ ನೋಡಲು ಹೋಗುವವರು ವಾಸ್ಕ್ ಡೈರೆಕ್ಟರಿಯಲ್ಲಿ ಹೆಸರು ನೀವೇ ಹುಡುಕಿ, ಶಾಲೆಯವರು ಕಳಿಸುವ ಲಿಂಕ್ ಬೇಡ. ಇರುವುದು ಅಕ್ರೆಡಿಟೇಶನ್ನೋ ಅಥವಾ ಇನ್ನೂ ಕ್ಯಾಂಡಿಡೇಟ್ ಹಂತವೋ ನೋಡಿ. 'ಅರ್ಜಿ ಹಾಕಿದ್ದೇವೆ' ಅಂದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ವಾಸ್ಕ್ ಇದ್ದರೂ ಎ-ಜಿ ಪಟ್ಟಿ ಬೇರೆ, ಅದರಲ್ಲಿ ಕೋರ್ಸುಗಳನ್ನು ಒಂದೊಂದಾಗಿ ನೋಡಿ. ಆಮೇಲೆ ನಿಮ್ಮ ಮನೆ ಹತ್ತಿರದ ಪಬ್ಲಿಕ್ ಹೈಸ್ಕೂಲಿನ ಕೌನ್ಸೆಲರಿಗೆ ಒಂದು ಮೇಲ್ ಹಾಕಿ: ಈ ಶಾಲೆಯಿಂದ ಮಗು ನಾಳೆ ನಿಮ್ಮಲ್ಲಿಗೆ ಬಂದರೆ ಕ್ರೆಡಿಟ್ ಒಪ್ಪುತ್ತೀರಾ? ಉತ್ತರ ಬರಹದಲ್ಲಿ ಇರಲಿ. ನನಗೆ ಆ ಮೇಲ್ ಬರೆಯಲು ಐದು ನಿಮಿಷ ಹಿಡಿಯುತ್ತಿತ್ತು.

ಮಗಳು ಈಗ ಹನ್ನೆರಡನೇ ಕ್ಲಾಸು. 11 ಕೋರ್ಸಿನ ಗಡಿ ಆಗಸ್ಟಿನಲ್ಲಿ ಹೇಗೋ ದಾಟಿದಳು. ನವೆಂಬರ್ ಕೊನೆಯ ಆಸುಪಾಸಿಗೆ ಯುಸಿ ಅರ್ಜಿಯ ಕೊನೇ ದಿನ. ಮಂಗಳವಾರ, ಗುರುವಾರ ಸಂಜೆ ಇನ್ನೂ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆ. ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಕಾಯುತ್ತೇನೆ. ಇದನ್ನೂ ಅಲ್ಲೇ ಬರೆದದ್ದು, ಕ್ಲಾಸ್ ಬಿಟ್ಟ ಹಾಗಿದೆ.